ಮನೆಯ ಚಾರ್ಜ್ ತೆಗೆದುಕೊಳ್ಳುವ ಮುಂಚೆ

ನಿಮ್ಮ ಪ್ರಶ್ನೆ ಓದಿದೆ. ಸೇನೆಯಲ್ಲಿ ಹದಿನೇಳು ವರ್ಷ ಸರ್ವಿಸ್ ಮುಗಿಸಿ ಇನ್ನು ಐದು ತಿಂಗಳಿಗೆ ಪೆನ್ಷನ್ ಮೇಲೆ ಊರಿಗೆ ಬರುತ್ತಿದ್ದೀರಿ. ವಯಸ್ಸು 37, ಊರು ಹೊಳಲ್ಕೆರೆ ಕಡೆ, ಹೆಂಡತಿ ಮಕ್ಕಳು ದಾವಣಗೆರೆಯಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಕೈಗೆ ಬರುವ ದುಡ್ಡಲ್ಲಿ ಬೋರ್ ಕೊರೆಸಿ ಅಡಿಕೆ ಹಾಕಬೇಕು ಅಂತಿದ್ದೀರಿ. ಸಿವಿಲ್ ಜೀವನಕ್ಕೆ ಹೊಂದಿಕೊಳ್ಳೋದು ಅಷ್ಟು ಕಷ್ಟವಾ ಅಂತ ಕೇಳಿದ್ದೀರಿ.

ಹೌದು, ಕಷ್ಟ ಆಗುತ್ತೆ. ನನಗೆ ಎರಡು ವರ್ಷ ಹಿಡಿಯಿತು. ಅದರಲ್ಲಿ ಒಂದು ವರ್ಷ ನನ್ನ ಕೈಯಾರೆ ಕೆಡಿಸಿಕೊಂಡದ್ದು. ನಿಮ್ಮದು ಹಾಗಾಗದಿರಲಿ ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಮದ್ರಾಸ್ ಸ್ಯಾಪರ್ಸ್, ಅಂದರೆ ಸೇನೆಯ ಎಂಜಿನಿಯರ್ ಪಡೆಯವನು. ಬೆಂಗಳೂರಿನ ಹಲಸೂರಲ್ಲಿ ಟ್ರೈನಿಂಗ್, ಆಮೇಲೆ ಜಮ್ಮು, ರಾಜಸ್ಥಾನ, ಈಶಾನ್ಯ, ಮತ್ತೆ ಜಮ್ಮು. 2000ದಲ್ಲಿ ಸೇರಿದೆ, 2017ರಲ್ಲಿ ಬಂದೆ. ನಾಯಕ್ ರ್‍ಯಾಂಕಿನಲ್ಲಿದ್ದೆ, ಇನ್ನೂ ಇರಬಹುದಿತ್ತು. ಅಪ್ಪಾಜಿಗೆ ಲಕ್ವಾ ಹೊಡೆಯಿತು ಅಂತ ಅರ್ಜಿ ಕೊಟ್ಟು ಬಂದುಬಿಟ್ಟೆ. ಊರು ಭರಮಸಾಗರದ ಹತ್ತಿರ. ಮಕ್ಕಳ ಸ್ಕೂಲಿಗೆ ಅಂತ ನನ್ನ ಮನೆಯವರೂ ನಿಮ್ಮವರ ಹಾಗೆ ದಾವಣಗೆರೆಯಲ್ಲೇ ಮನೆ ಮಾಡಿಕೊಂಡಿದ್ದರು.

ಬಂದ ಮೊದಲ ತಿಂಗಳು ಹಬ್ಬ. ಬೆಣ್ಣೆದೋಸೆ, ನೆಂಟರ ಮನೆ ಊಟ, ಊರಲ್ಲಿ ಹಾರ, ಶಾಲು. ರಜೆಗೆ ಬಂದ ಹಾಗೇ ಇತ್ತು. ಮನೆಯವರೂ ರಜೆ ಅಂತಲೇ ನೋಡಿಕೊಂಡರು. ಎರಡನೇ ತಿಂಗಳಿಂದ ನಾನು ಮನೆಯನ್ನು ಸೇನೆಯ ಸೆಕ್ಷನ್, ಅಂದರೆ ಸಣ್ಣ ತುಕಡಿ ಮಾಡಲು ಹೊರಟೆ. ಬೆಳಿಗ್ಗೆ ಐದಕ್ಕೆ ಮಕ್ಕಳನ್ನು ಎಬ್ಬಿಸೋದು, ಚಪ್ಪಲಿ ಸಾಲಾಗಿ ಇಡಿಸೋದು, ಏಳು ಗಂಟೆಗೆ ತಿಂಡಿ ಅಂದರೆ ಏಳಕ್ಕೇ ಆಗಬೇಕು. ಹೆಂಡತಿ ಒಂದು ಮಾತೂ ಆಡಲಿಲ್ಲ. ಆಡದೇ ಇದ್ದದ್ದನ್ನು ಒಪ್ಪಿಗೆ ಅಂತ ತಿಳಿದುಕೊಂಡೆ.

ಒಂದು ದಿನ ಮಧ್ಯಾಹ್ನ ಭಾವಮೈದ ಬೈಕಲ್ಲಿ ಮಗಳನ್ನು ಕೂರಿಸಿಕೊಂಡು ಬಂದ. ಅವಳಿಗೆ ಸ್ಕೂಲಲ್ಲಿ ವಾಂತಿ, ಜ್ವರ. ನಾನು ಮನೆಯಲ್ಲೇ ಟಿ.ವಿ. ಮುಂದೆ ಕೂತಿದ್ದೆ, ಸ್ಕೂಲಿಗೂ ಮನೆಗೂ ಎರಡು ಕಿಲೋಮೀಟರ್ ಇಲ್ಲ. ಆದರೂ ಸ್ಕೂಲಿನವರು ಫೋನ್ ಮಾಡಿದ್ದು ಎಂಟು ಕಿಲೋಮೀಟರ್ ಆಚೆ ಕೆಲಸದಲ್ಲಿದ್ದ ಅವಳ ಸೋದರಮಾವನಿಗೆ. ಯಾಕೆಂದರೆ ಅವರ ರಿಜಿಸ್ಟರಲ್ಲಿ ಇದ್ದದ್ದು ಆ ನಂಬರ್. ಮಗಳು ಕೂಡ ಟೀಚರಿಗೆ "ನಮ್ಮ ಅಪ್ಪಾಜಿ ಮನೇಲಿದಾರೆ" ಅಂತ ಹೇಳಿರಲಿಲ್ಲ. ಅವಳಿಗೆ ಹೊಳೆಯಲೇ ಇಲ್ಲವಂತೆ. ನನಗೆ ಸಿಟ್ಟು ಬಂತು, ಭಾವಮೈದನ ಮೇಲೆ ಕೂಗಾಡಿದೆ. ಪಾಪ, ಹತ್ತು ವರ್ಷ ನನ್ನ ಮನೆಯ ಗಂಡಸಿನ ಕೆಲಸವನ್ನೆಲ್ಲ ಅವನೇ ಮಾಡಿದ್ದ. ಆ ದಿನದ ಮಾತಿಗೆ ಇವತ್ತಿಗೂ ನನಗೆ ನಾಚಿಕೆಯಿದೆ.

ನಿಮಗೆ ನಾನು ಹೇಳೋದು ಒಂದೇ. ಕಾವಲಿಗೆ ಹೊಸ ಪೋಸ್ಟಿಗೆ ಹೋದಾಗ ನಾವು ಏನು ಮಾಡುತ್ತೇವೆ? ಅಲ್ಲಿದ್ದ ಹಳೇ ತುಕಡಿಯನ್ನು ಅವತ್ತೇ ಕೆಳಗೆ ಕಳಿಸಿಬಿಡಲ್ಲ. ಅವರ ಜೊತೆಗೇ ಇದ್ದು, ಅವರು ಹೋದಲ್ಲಿಗೆ ಹೋಗಿ, ನೀರು ಎಲ್ಲಿ, ರಾತ್ರಿ ಯಾವ ಕಡೆಯಿಂದ ಶಬ್ದ ಬರುತ್ತೆ, ಯಾವ ಕಲ್ಲು ಜಾರುತ್ತೆ ಅಂತ ನೋಡಿಕೊಂಡು ಆಮೇಲೆ ಸಹಿ ಹಾಕುತ್ತೇವೆ. ಹ್ಯಾಂಡಿಂಗ್-ಟೇಕಿಂಗ್ ಆಗದೆ ಚಾರ್ಜ್ ತಗೊಂಡವನು ತಾನೂ ಸಾಯುತ್ತಾನೆ, ಜೊತೆಯವರನ್ನೂ ಸಾಯಿಸುತ್ತಾನೆ. ನಾನು ಸ್ಯಾಪರ್, ಮೈನ್ ಹೂತ ನೆಲದ ರೆಕಾರ್ಡ್ ಕೈಗೆ ಬಾರದೆ ಒಂದು ಹೆಜ್ಜೆ ಇಟ್ಟವನಲ್ಲ. ಅಂಥವನು ಸ್ವಂತ ಮನೆಗೆ ಯಾವ ರೆಕಾರ್ಡೂ ನೋಡದೆ ನುಗ್ಗಿದೆ.

ನಿಮ್ಮ ಮನೆ ಹದಿನೇಳು ವರ್ಷ ನೀವಿಲ್ಲದೆ ನಡೆದಿದೆ. ಗ್ಯಾಸ್ ಯಾವಾಗ ಬುಕ್ ಮಾಡಬೇಕು, ನಲ್ಲಿ ನೀರು ಯಾವ ದಿನ ಬರುತ್ತೆ, ಚೀಟಿ ಯಾರ ಹತ್ತಿರ ಹಾಕಿದ್ದಾರೆ, ಮಗನಿಗೆ ಯಾವ ಮೇಷ್ಟ್ರು ಕಂಡರೆ ಭಯ, ಎಲ್ಲವೂ ನಿಮ್ಮ ಮನೆಯವರ ತಲೆಯಲ್ಲಿದೆ. ಮೊದಲ ಒಂದು ವರ್ಷ ಅವರ ಕೈಕೆಳಗೆ ಕೆಲಸ ಮಾಡಿ. ಏನನ್ನೂ ಬದಲಿಸಬೇಡಿ. ಅಂಗಡಿಗೆ ಹೋಗಿ, ಪೇರೆಂಟ್ಸ್ ಮೀಟಿಂಗಿಗೆ ಹೋಗಿ ಹಿಂದೆ ಕೂತುಕೊಳ್ಳಿ, ಅವರು ಹೇಳಿದ ಕೆಲಸ ಮಾಡಿ. ಮತ್ತೆ, ಬಂದ ವಾರದಲ್ಲೇ ಸ್ಕೂಲಿಗೆ ಹೋಗಿ ನಿಮ್ಮ ನಂಬರ್ ಬರೆಸಿ. ಭಾವಮೈದನದ್ದನ್ನು ತೆಗೆಸಬೇಡಿ, ಅದರ ಕೆಳಗೆ ಬರೆಸಿ.

ದುಡ್ಡಿಗೂ ಇದೇ ಮಾತು. ಗ್ರಾಚ್ಯುಟಿ, ಕಮ್ಯುಟೇಷನ್, ಫಂಡು, ಗ್ರೂಪ್ ಇನ್ಶೂರೆನ್ಸು ಎಲ್ಲ ಸೇರಿ ನಾವು ಜೀವಮಾನದಲ್ಲಿ ಒಟ್ಟಿಗೆ ನೋಡದಷ್ಟು ದುಡ್ಡು ಒಂದೇ ತಿಂಗಳಲ್ಲಿ ಬರುತ್ತೆ. ಅದು ಬಂದದ್ದು ಊರಿಗೆಲ್ಲ ಗೊತ್ತಾಗುತ್ತೆ, ಹೇಗೋ ಗೊತ್ತಿಲ್ಲ, ಗೊತ್ತಾಗುತ್ತೆ. "ನಿನಗೇನಪ್ಪ, ತಿಂಗಳು ತಿಂಗಳು ಪೆನ್ಷನ್ ಐತಲ್ಲ" ಅಂತ ಸಾಲ ಕೇಳೋರು ಬರುತ್ತಾರೆ. ನಾನು ಕೊಟ್ಟ ಮೂರು ಕೈಸಾಲದಲ್ಲಿ ಒಂದು ವಾಪಸ್ ಬಂತು.

ಕಮ್ಯುಟೇಷನ್ ಬಗ್ಗೆ ಒಂದು ಮಾತು. ಪೆನ್ಷನ್ನಿನ ಅರ್ಧದವರೆಗೆ ಮುಂಗಡವಾಗಿ ಮಾರಿಕೊಳ್ಳಬಹುದು, ಅದು ತಿರುಗಿ ಪೂರ್ತಿ ಆಗೋದು ಹದಿನೈದು ವರ್ಷದ ಮೇಲೆ. ನಾನು 2017ರಲ್ಲಿ ತಗೊಂಡದ್ದಕ್ಕೆ 2032ರವರೆಗೆ ಪ್ರತಿ ತಿಂಗಳೂ ಕಟ್ ಆಗುತ್ತಲೇ ಇರುತ್ತೆ. ಅಂದರೆ ಅದು ಮೇಲಿಂದ ಬಿದ್ದ ದುಡ್ಡಲ್ಲ, ನಿಮ್ಮ ಐವತ್ತೆರಡನೇ ವಯಸ್ಸಿನವರೆಗಿನ ಅಕ್ಕಿಬೇಳೆ.

ಆ ಅಕ್ಕಿಬೇಳೆಯನ್ನು ನಾನು ಭೂಮಿಯೊಳಗೆ ಇಳಿಸಿದೆ. 2016ರ ಮಳೆ ಕೈಕೊಟ್ಟು, 2017ರ ಬೇಸಿಗೆಯಲ್ಲಿ ಚಿತ್ರದುರ್ಗ ಜಿಲ್ಲೆ ಬೆಂದು ಹೋಗಿತ್ತು. ಹೊಳಲ್ಕೆರೆ, ಚನ್ನಗಿರಿ ಕಡೆ ಜನ ಟ್ಯಾಂಕರಲ್ಲಿ ನೀರು ಹೊಡೆದು ಅಡಿಕೆ ಉಳಿಸಿಕೊಳ್ಳುತ್ತಿದ್ದರು. ನನಗೆ ಅದನ್ನು ನೋಡಿದರೂ ಬುದ್ಧಿ ಬರಲಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲೆಲ್ಲ ನಡೆದ ಒಬ್ಬರು ಎರಡು ಕಡೆ ಪಾಯಿಂಟ್ ಮಾಡಿಕೊಟ್ಟರು. ಬೋರ್ ಲಾರಿ ತಮಿಳುನಾಡಿನ ತಿರುಚೆಂಗೋಡಿನದು. ನನಗೆ ಪಲ್ಟನ್ನಿನ ತಮಿಳು ಚೆನ್ನಾಗಿ ಬರುತ್ತೆ, ಆಪರೇಟರ್ ಜೊತೆ ದೋಸ್ತಿ ಆಯಿತು. ಮೊದಲನೇದು ಐನೂರು ಅಡಿಗೆ ಫೇಲ್. ಎರಡನೇದರಲ್ಲಿ ನಾನೂರು ದಾಟಿದ ಮೇಲೂ ಬರೀ ಬೂದುಬಣ್ಣದ ಧೂಳು. ಹಿಟ್ಟಿನ ಗಿರಣಿ ಒಳಗೆ ನಿಂತ ಹಾಗೆ, ಹುಬ್ಬು, ಮೀಸೆ ಎಲ್ಲ ಬೆಳ್ಳಗೆ. ಆಪರೇಟರ್ ಕಿವಿ ಹತ್ತಿರ ಬಂದು "ಅಣ್ಣಾ, ಕಲ್ಲು ಬದಲಾಗ್ತಿಲ್ಲ, ನಿಲ್ಲಿಸಿಬಿಡಿ, ದುಡ್ಡು ಉಳಿಸಿಕೊಳ್ಳಿ" ಅಂದ. ಅಡಿ ಲೆಕ್ಕದಲ್ಲಿ ದುಡ್ಡು ತಗೊಳ್ಳುವವನೇ ನಿಲ್ಲಿಸಿ ಅಂತಿದಾನೆ! ನನಗೆ ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟು ಅಭ್ಯಾಸವಿಲ್ಲ. "ಇಳಿಸು" ಅಂದೆ. ಏಳುನೂರು ಅಡಿವರೆಗೆ ಇಳಿಸಿದ. ಕೊನೆಯ ರಾಡ್ ಮೇಲೆ ಬಂದಾಗ ಅದರ ತುದಿಯನ್ನು ಕೈಯಲ್ಲಿ ಮುಟ್ಟಿ ನೋಡಿದೆ. ಕಾದಿತ್ತು, ಒಣಗಿತ್ತು.

ಈಗ ಹರಿಹರದ ಕಡೆಯಿಂದ ಏತದಲ್ಲಿ ತುಂಗಭದ್ರೆಯ ನೀರನ್ನು ಭರಮಸಾಗರದ ದೊಡ್ಡಕೆರೆಗೆ ತಂದಿದ್ದಾರೆ, ಸುತ್ತಲ ಬಾವಿ ಬೋರುಗಳಿಗೆ ಜೀವ ಬಂದಿದೆ. ನಾಲ್ಕು ವರ್ಷ ಕಾದಿದ್ದರೆ ನನಗೂ ಸಿಗುತ್ತಿತ್ತು. ಅಡಿಕೆ ಬೇಡ ಅನ್ನುತ್ತಿಲ್ಲ. ಗಿಡ ಫಸಲಿಗೆ ಬರಲು ಐದಾರು ವರ್ಷ ಬೇಕು, ಅಲ್ಲಿಯವರೆಗೆ ನೀರು, ಗೊಬ್ಬರ, ಆಳು ಎಲ್ಲ ಪೆನ್ಷನ್ನಿಂದಲೇ ಹೋಗಬೇಕು. ಮೊದಲು ಒಂದು ಮಳೆಗಾಲ, ಒಂದು ಬೇಸಿಗೆ ಊರಲ್ಲಿ ಕಳೆಯಿರಿ. ಅಕ್ಕಪಕ್ಕದ ಹೊಲದವರ ಬೋರ್ ಏಪ್ರಿಲ್ಲಿನಲ್ಲಿ ಎಷ್ಟು ಹೊತ್ತು ನೀರು ಕೊಡುತ್ತೆ ನೋಡಿ. ಅಲ್ಲಿಯವರೆಗೆ ದುಡ್ಡು ಬ್ಯಾಂಕಲ್ಲಿ ಎಫ್.ಡಿ. ಇರಲಿ, ಹೆಂಡತಿ ಹೆಸರೂ ಸೇರಿರಲಿ.

ಕೆಲಸದ ಬಗ್ಗೆ ಹೇಳುತ್ತೇನೆ, ಇದನ್ನು ಇವತ್ತೇ ಶುರು ಮಾಡಿ. ಸರ್ಕಾರಿ ಬ್ಯಾಂಕುಗಳಿಗೆ ಸಿಬ್ಬಂದಿ ಆರಿಸುವ ಐ.ಬಿ.ಪಿ.ಎಸ್.ನ ಕ್ಲರ್ಕ್ (ಈಗ ಕಸ್ಟಮರ್ ಸರ್ವಿಸ್ ಅಸೋಸಿಯೇಟ್ ಅನ್ನುತ್ತಾರೆ) ಪರೀಕ್ಷೆಯಲ್ಲಿ ಮಾಜಿ ಸೈನಿಕರಿಗೆ ಶೇ. 14.5 ಮೀಸಲಿದೆ. ಡಿಗ್ರಿ ಇಲ್ಲದಿದ್ದರೂ ಎಸ್ಸೆಸ್ಸೆಲ್ಸಿ ಆಗಿ ಹದಿನೈದು ವರ್ಷ ಸರ್ವಿಸ್ ಮತ್ತು ಸೇನೆಯ ವಿಶೇಷ ಶಿಕ್ಷಣ ಪ್ರಮಾಣಪತ್ರ ಇದ್ದರೆ ನಡೆಯುತ್ತೆ. ವಯೋಮಿತಿಗೆ ಸರ್ವಿಸ್ಸಿನ ವರ್ಷಗಳ ಜೊತೆಗೆ ಇನ್ನೂ ಮೂರು ವರ್ಷ ಸೇರಿಸಿ ಕೊಡುತ್ತಾರೆ, ಐವತ್ತು ದಾಟಬಾರದು ಅಷ್ಟೆ. ಒಂದು ವರ್ಷದೊಳಗೆ ಬಿಡುಗಡೆ ಆಗುವವರು ಸರ್ವಿಸ್ಸಿನಲ್ಲಿರುವಾಗಲೇ ಅರ್ಜಿ ಹಾಕಬಹುದು. ಪರೀಕ್ಷೆ ಈಗ ಕನ್ನಡದಲ್ಲೂ ಬರೆಯಬಹುದು. ಇದು ನನಗೆ ಗೊತ್ತಾದದ್ದು ಬೋರ್ ಎರಡೂ ಫೇಲಾಗಿ, ಒಂದು ಕಡೆ ಸೆಕ್ಯುರಿಟಿ ಕೆಲಸಕ್ಕೆ ಸೇರಿ ಎಂಟು ತಿಂಗಳು ಕಳೆದ ಮೇಲೆ. ಸೆಕ್ಯುರಿಟಿ ಕೆಲಸ ಕೀಳಲ್ಲ, ಅದರಲ್ಲಿ ಮನೆ ನಡೆಸುವ ಎಷ್ಟೋ ಫೌಜಿಗಳಿದ್ದಾರೆ. ಆದರೆ ಹನ್ನೆರಡು ಗಂಟೆ ಗೇಟಿನಲ್ಲಿ ನಿಂತು ಬಂದು ಓದೋಕೆ ಆಗಲ್ಲ. ನಾನು ಅದನ್ನು ಬಿಟ್ಟು ಲೈಬ್ರರಿಯಲ್ಲಿ ಇಪ್ಪತ್ತೆರಡು ವರ್ಷದ ಹುಡುಗರ ಜೊತೆ ಒಂದೂವರೆ ವರ್ಷ ಕೂತೆ. ಶೇಕಡಾವಾರು ಲೆಕ್ಕ ಮರೆತೇ ಹೋಗಿತ್ತು, ಆ ಹುಡುಗರೇ ಹೇಳಿಕೊಟ್ಟರು. ಬೆಳಿಗ್ಗೆ ಐದಕ್ಕೆ ಏಳುವ ಅಭ್ಯಾಸ ಕೊನೆಗೂ ಕೆಲಸಕ್ಕೆ ಬಂದದ್ದು ಆಗಲೇ, ಮಕ್ಕಳ ನಿದ್ದೆ ಕೆಡಿಸದೆ. ಎರಡನೇ ಸಲಕ್ಕೆ ಪಾಸಾದೆ. ಈಗ ಬ್ಯಾಂಕಿನ ಕೌಂಟರಲ್ಲಿದ್ದೇನೆ.

ನಿದ್ದೆ ಅಂದಾಗ ನೆನಪಾಯಿತು. ಸಂಜೆ ಆರರಿಂದ ಎಂಟು ಗಂಟೆ ಹೊತ್ತು ಬಹಳ ಕೆಟ್ಟದ್ದು. ರೋಲ್‌ಕಾಲ್ ಇಲ್ಲ, ಊಟದ ಲಂಗರಿನ ಸಾಲಿಲ್ಲ, ಹೆಸರು ಹಿಡಿದು ಬೈಯುವವರಿಲ್ಲ. ಆ ಹೊತ್ತಿಗೇ ಮಿಲಿಟರಿ ಕ್ಯಾಂಟೀನಿನ ಹೆಂಡದ ಬಾಟಲಿ ನೆನಪಾಗೋದು. ನನ್ನ ಜೊತೆ ಬಂದ ಒಬ್ಬ ಗೆಳೆಯ ಹಾಗೇ ಹಾಳಾಗುತ್ತಿದ್ದ, ರಾತ್ರಿ ಪೂರ್ತಿ ಎಚ್ಚರ, ಬಾಗಿಲು ಸಪ್ಪಳಕ್ಕೆ ಎದ್ದು ನಿಲ್ಲುತ್ತಿದ್ದ. ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ನಮಗೆ ವರ್ಷ ಬೇಕಾಯಿತು, ಔಷಧಿ ತಗೊಂಡ, ಈಗ ಚೆನ್ನಾಗಿದ್ದಾನೆ. ಈಗ ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಎರಡು ವಾರ ಸರಿಯಾಗಿ ನಿದ್ದೆ ಬರದಿದ್ದರೆ ಫೋನ್ ಮಾಡಿ. ಗುಂಡು ತಗುಲಿದವನು ನರ್ಸಿಂಗ್ ಅಸಿಸ್ಟೆಂಟನ್ನು ಕೂಗಲು ನಾಚಿಕೆ ಪಡುತ್ತಾನಾ? ನಾವು ನಾಲ್ಕೈದು ಜನ ಮಾಜಿಗಳು ಭಾನುವಾರ ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ನಡೆಯುತ್ತೇವೆ. ಹಿಂದಿ, ತಮಿಳು ಬೆರೆಸಿ ನಮ್ಮ ಭಾಷೆಯಲ್ಲಿ ಮಾತಾಡುತ್ತೇವೆ. ದಾವಣಗೆರೆಗೆ ಬಂದ ಮೇಲೆ ನೀವೂ ಬನ್ನಿ.

ನನ್ನ ಹೆಂಡತಿ ಮದುವೆಯಾದ ವರ್ಷದಿಂದ ಒಂದು ನೋಟ್‌ಬುಕ್ಕಿನಲ್ಲಿ ಖರ್ಚು ಬರೆಯುತ್ತಾ ಬಂದಿದ್ದಾಳೆ. ಬೋರ್ ಫೇಲಾದ ಮೇಲೆ, ಲೆಕ್ಕ ಸರಿ ಮಾಡೋಣ ಅಂತ ಎಲ್ಲ ತೆಗೆದುಕೊಟ್ಟಳು. ಹನ್ನೊಂದು ಪುಸ್ತಕ. ಹಾಲು, ಸೀಮೆಎಣ್ಣೆ, ಅಪ್ಪಾಜಿ ಮಾತ್ರೆ. ಒಂದು ಕಡೆ, ನಾನು ಜಮ್ಮುವಿನಲ್ಲಿದ್ದ ಚಳಿಗಾಲದ ಪುಟದಲ್ಲಿ, "ಮಗು ಆಸ್ಪತ್ರೆ ಮೂರು ದಿನ, ಬಳೆ ಅಡ" ಅಂತಿತ್ತು. ಆ ವಾರ ಫೋನಲ್ಲಿ ಅವಳು ನನಗೆ ಹೇಳಿದ್ದು "ಎಲ್ಲ ಆರಾಮ ಇದೀವಿ, ನೀವು ಹುಷಾರು ರೀ" ಅಂತ. ನಾನು ಹುಡುಕಬೇಕಿದ್ದ ರೆಕಾರ್ಡು ಅದೇ, ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇತ್ತು. ನಿಮ್ಮ ಮನೆಯಲ್ಲಿ ಪುಸ್ತಕ ಇಲ್ಲದೆ ಇರಬಹುದು. ಕೇಳಿ, ಹೇಳುತ್ತಾರೆ. ಹೇಳುವಾಗ ಮಧ್ಯೆ ಬಾಯಿ ಹಾಕಬೇಡಿ.

ಕೊನೆಗೆ, ಯೂನಿಟ್ಟಿನಲ್ಲಿ ಇರುವಾಗಲೇ ಮುಗಿಸಬೇಕಾದ ಒಂದು ಕೆಲಸ. ಹೆಂಡತಿ, ಮಕ್ಕಳ ಹೆಸರು, ಹುಟ್ಟಿದ ತಾರೀಖು ಪಾರ್ಟ್ ಟು ಆರ್ಡರಿನಲ್ಲೂ (ಮನೆಯವರ ವಿವರ ದಾಖಲಾಗುವ ಸೇನೆಯ ಆದೇಶ) ಆಧಾರಿನಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಇದೆಯಾ ನೋಡಿ. ನನ್ನ ಹೆಂಡತಿ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಿತ್ತು. ಅದನ್ನು ಊರಿಂದ ಸರಿಮಾಡಿಸಲು ಅಫಿಡವಿಟ್ಟು, ಪತ್ರ, ಓಡಾಟ ಅಂತ ಹದಿನಾಲ್ಕು ತಿಂಗಳು ಆಯಿತು. ಅಲ್ಲಿದ್ದಾಗ ಕ್ಲರ್ಕ್ ಹತ್ತಿರ ಒಂದು ಬೆಳಿಗ್ಗೆ ಕೂತಿದ್ದರೆ ಆಗಿಹೋಗುತ್ತಿತ್ತು. ಈ ವಾರವೇ ಹೋಗಿ ಕೂತುಕೊಳ್ಳಿ.