ಮಾಸ್ತಿಕಲ್ಲಿನ ಮೇಲೆ ಬರೀ ಒಂದು ಕೈ ಯಾಕೆ ಕೆತ್ತಿರುತ್ತಾರೆ?

ಅದು ಗಂಡನ ಚಿತೆಯೇರಿದ ಹೆಂಗಸಿನ ಕೈ; ಅವಳ ನೆನಪಿಗೆ ನೆಟ್ಟ ಕಲ್ಲೇ ಮಾಸ್ತಿಕಲ್ಲು. ಮೊಣಕೈ ಮಡಚಿ ಮೇಲೆತ್ತಿದ ಕೈ, ಅದರ ತುಂಬ ಬಳೆ, ಎಷ್ಟೋ ಕಡೆ ಬೆರಳ ಸಂದಿಯಲ್ಲಿ ಒಂದು ನಿಂಬೆಹಣ್ಣು. ಬಳೆ ಒಡೆದಿಲ್ಲ ನೋಡಿ, ಅಂದರೆ ಮುತ್ತೈದೆಯಾಗಿಯೇ ಹೋದಳು ಅಂತ ಅರ್ಥ. ತಾನಾಗಿ ಹೋದಳೋ, ಕಳಿಸಿದರೋ, ಕಲ್ಲು ಹೇಳುವುದಿಲ್ಲ.

ಪಕ್ಕದಲ್ಲಿ ವೀರಗಲ್ಲು, ಅಂದರೆ ಕಾದಾಡಿ ಸತ್ತವನ ನೆನಪಿನ ಕಲ್ಲು, ಇದ್ದರೆ ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ವೀರ, ತುದಿಯಲ್ಲಿ ಸೂರ್ಯ ಚಂದ್ರ, ಅವು ಇರುವವರೆಗೂ ಇವನ ಹೆಸರು ಉಳಿಯಲಿ ಅಂತ.

ಇಂಥ ಕಲ್ಲು ಮನುಷ್ಯರಿಗೆ ಮಾತ್ರ ಅಂದ್ಕೋಬೇಡಿ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನಲ್ಲಿ, ಸುಮಾರು ಕ್ರಿ.ಶ. 949ರದ್ದು, ಹಂದಿ ಜೊತೆ ಕಾದಾಡಿ ಸತ್ತ ಕಾಳಿ ಅನ್ನುವ ಬೇಟೆನಾಯಿಯ ಕಥೆಯಿದೆ. ನಾಯಿ, ಹಂದಿ ಎರಡನ್ನೂ ಕೆತ್ತಿದ್ದಾರೆ.