ಅಮೆರಿಕದ ಕಾಲೇಜಿನ ಮೊದಲ ವರ್ಷದ ರೈಟಿಂಗ್ ಕೋರ್ಸ್‌ನಲ್ಲಿ ಏನೇನು ನಿರೀಕ್ಷಿಸುತ್ತಾರೆ?

ಇಂಗ್ಲಿಷ್ 101 ಅಥವಾ ಫಸ್ಟ್ ಇಯರ್ ಕಾಂಪೊಸಿಷನ್ ಅಂತ ಕರೆಯುವ ಈ ಕೋರ್ಸನ್ನು ಎಂಜಿನಿಯರಿಂಗ್ ಓದುವವರೂ ಸಾಮಾನ್ಯವಾಗಿ ಮಾಡಲೇಬೇಕು. ವ್ಯಾಕರಣ ಕಲಿಸುತ್ತಾರೆ ಅಂದುಕೊಂಡು ಹೋಗಬೇಡಿ. ಮುಖ್ಯವಾಗಿ ನೋಡುವುದು ನಿಮ್ಮ ವಾದವನ್ನು. ‘ಮೊಬೈಲಿನಿಂದ ಅನುಕೂಲವೂ ಇದೆ, ಅನಾನುಕೂಲವೂ ಇದೆ’ ಎಂಬ ನಮ್ಮ ಪಿಯುಸಿ ಪ್ರಬಂಧದ ಧಾಟಿ ಅಲ್ಲಿ ನಡೆಯುವುದಿಲ್ಲ. ‘ಹೈಸ್ಕೂಲಿನಲ್ಲಿ ಮೊಬೈಲ್ ನಿಷೇಧಿಸಬೇಕು, ಏಕೆಂದರೆ...’ ಎಂದು ಒಂದು ನಿಲುವು ತಳೆದು, ಒಪ್ಪದವರಿಗೂ ಉತ್ತರ ಕೊಡಬೇಕು. ಒಂದೇ ಪ್ರಬಂಧವನ್ನು ಎರಡು ಮೂರು ಸಲ ತಿದ್ದಿ ಬರೆಸುತ್ತಾರೆ, ಸಹಪಾಠಿಗಳ ಕರಡು ಓದಿ ಅಭಿಪ್ರಾಯ ಬರೆಯುವುದೂ ಇರುತ್ತದೆ. ಹಾಜರಾತಿ, ಗಡುವು ಎಲ್ಲ ಸಿಲಬಸ್‌ನಲ್ಲೇ ಸಿಗುತ್ತದೆ. ನಿಜವಾಗಿ ಎಚ್ಚರ ಬೇಕಿರುವುದು ಕೃತಿಚೌರ್ಯದ ಬಗ್ಗೆ: ಬೇರೆಯವರ ವಿಚಾರವನ್ನು ನಿಮ್ಮದೇ ಮಾತಲ್ಲಿ ಬರೆದರೂ ಮೂಲ ಹೇಳಲೇಬೇಕು. ಮೂಲ ನಮೂದಿಸುವ ಎಂಎಲ್ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಶೈಲಿಯಾದರೆ ವಾಕ್ಯದ ಕೊನೆಗೆ ಆವರಣದೊಳಗೆ ಲೇಖಕರ ಸರ್‌ನೇಮ್, ಪುಟಸಂಖ್ಯೆ. ಹೆಚ್ಚಿನ ಕಾಲೇಜುಗಳಲ್ಲಿ ಬರವಣಿಗೆಗೆ ನೆರವು ಕೊಡುವ ಉಚಿತ ರೈಟಿಂಗ್ ಸೆಂಟರ್ ಇರುತ್ತದೆ, ಮೊದಲ ಕರಡಿನೊಂದಿಗೇ ಹೋಗಿ.