ಲಿಫ್ಟ್ ಮಾಡಿಸಿದ ಜಿಪ್ಸಿಗೆ ನಡುಕ: ವೆಡ್ಜ್ ಹಾಕುವ ಮುನ್ನ ಶಾಫ್ಟ್ ನೋಡಿ

ಪ್ರಶ್ನೆ: ಸಕಲೇಶಪುರದ ಕಡೆ ತೋಟದ ಓಡಾಟಕ್ಕೆ ಎಂಜಿ413ಡಬ್ಲ್ಯು ಜಿಪ್ಸಿ ಇಟ್ಟುಕೊಂಡಿದ್ದೇವೆ. ಆ್ಯಕ್ಸಲ್ ಕೆಳಗಿದ್ದ ಲೀಫ್ ಸ್ಪ್ರಿಂಗ್‌ಗಳನ್ನು ಮೇಲಕ್ಕೆ ಕೂರಿಸಿದ ಮೇಲೆ ಗಾಡಿ ಸುಮಾರು 5 ಇಂಚು ಎತ್ತರವಾಯಿತು. ಆದರೆ 60 ಕಿ.ಮೀ. ವೇಗದ ಹತ್ತಿರ ಸೀಟಿನಡಿ ನಡುಕ ಶುರುವಾಗುತ್ತದೆ. ಗ್ಯಾರೇಜಿನವರು ಹಿಂದಿನ ಹೌಸಿಂಗ್‌ಗೆ (ಆ್ಯಕ್ಸಲ್‌ನ ಹೊರಕವಚ) 6 ಡಿಗ್ರಿ ವೆಡ್ಜ್ (ಓರೆ ಬೆಣೆ) ಕೊಟ್ಟು ಪಿನಿಯನ್ ಮೂತಿಯನ್ನು (ಶಾಫ್ಟ್ ಬಂದು ಸೇರುವ ತುದಿ) ಮೇಲೆತ್ತಿದರು. ನಡುಕ ಇನ್ನೂ ಹೆಚ್ಚಾಯಿತು. ಇದಕ್ಕಿಂತ ದೊಡ್ಡ ವೆಡ್ಜ್ ಬೇಕೆ?

ಉತ್ತರ: ಬೇಡ. ಶಾಫ್ಟ್ ಕಂಪನಿಯಿಂದ ಬಂದದ್ದೇ ಆಗಿದ್ದರೆ, ಈಗ ಹಾಕಿರುವ ವೆಡ್ಜನ್ನೂ ತೆಗೆಸಿ.

ನಿಮ್ಮ ಹಿಂದಿನ ಪ್ರೊಪೆಲ್ಲರ್ ಶಾಫ್ಟಿಗೆ ಎರಡು ತುದಿಯಲ್ಲೂ ಒಂದೊಂದೇ ಕ್ರಾಸ್ (ಬಾಗಿಯೂ ತಿರುಗಬಲ್ಲ ಯುನಿವರ್ಸಲ್ ಜಾಯಿಂಟ್) ಇದೆ. ಬಾಗಿದ ಕ್ರಾಸ್ ಮೂಲಕ ತಿರುಗುವ ಶಾಫ್ಟ್ ಸಮವೇಗದಲ್ಲಿ ಸುತ್ತುವುದಿಲ್ಲ. ಪ್ರತಿ ಸುತ್ತಿಗೆ ಎರಡು ಸಲ ಮುಂದೋಡಿ ಎರಡು ಸಲ ಹಿಂದುಳಿಯುತ್ತದೆ. ಕೋನ 10 ಡಿಗ್ರಿ ಇದ್ದರೆ ಈ ಏರಿಳಿತ ಶೇ 1.5ರಷ್ಟು, 20 ಡಿಗ್ರಿ ಆದರೆ ಶೇ 6ರಷ್ಟು. ಅಂದರೆ ಕೋನ ಎರಡರಷ್ಟಾದರೆ ಏರಿಳಿತ ನಾಲ್ಕರಷ್ಟು. ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಕಡೆಯ ಕ್ರಾಸ್ ಹುಟ್ಟಿಸಿದ ಈ ಏರಿಳಿತವನ್ನು ಹೌಸಿಂಗ್ ಕಡೆಯ ಕ್ರಾಸ್ ಅಳಿಸಬೇಕು. ಹಾಗೆ ಅಳಿಸಬೇಕಾದರೆ ಎರಡೂ ಕ್ರಾಸ್‌ಗಳ ಕೋನ ಒಂದೇ ಇರಬೇಕು, ಶಾಫ್ಟಿನ ಎರಡು ಯೋಕ್‌ಗಳೂ (ಕ್ರಾಸ್ ಹಿಡಿಯುವ ಕವಲುಗಳು) ಒಂದೇ ಸಾಲಿನಲ್ಲಿರಬೇಕು.

ಲೆಕ್ಕ ಹಾಕೋಣ. ಎರಡು ಕ್ರಾಸ್‌ಗಳ ನಡುವೆ ಅಡ್ಡ ಅಳತೆ 800 ಮಿ.ಮೀ., ಲಿಫ್ಟ್‌ಗೆ ಮುಂಚೆ ಶಾಫ್ಟಿನ ಇಳಿಜಾರು 8 ಡಿಗ್ರಿ ಎಂದು ಇಟ್ಟುಕೊಳ್ಳಿ. ಗಾಡಿ 125 ಮಿ.ಮೀ. ಮೇಲೆದ್ದರೆ ಇಳಿಜಾರು 16.5 ಡಿಗ್ರಿಯ ಹತ್ತಿರ ಹೋಗುತ್ತದೆ. ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್ 3 ಡಿಗ್ರಿ ಹಿಂದಕ್ಕೆ ವಾಲಿದ್ದು, ಮೂತಿಯೂ ಅದಕ್ಕೆ ಸಮಾಂತರವಾಗಿ 3 ಡಿಗ್ರಿ ಮೇಲೆ ನೋಡುತ್ತಿದ್ದರೆ ಎರಡೂ ಕಡೆ 13.5 ಡಿಗ್ರಿ. ಕೋನ ಅತಿಯಾಯಿತು, ನಿಜ, ಆದರೂ ಸಮ. ಇಲ್ಲಿ 6 ಡಿಗ್ರಿ ವೆಡ್ಜ್ ಬಂದರೆ ಮೂತಿ 9ಕ್ಕೆ ಏರುತ್ತದೆ, ಜೊತೆಗೆ ಶಾಫ್ಟಿನ ಇಳಿಜಾರೂ ತುಸು ತಗ್ಗುತ್ತದೆ. ಮುಂದೆ ಸುಮಾರು 13, ಹಿಂದೆ 7. ಅಳಿಯದೆ ಉಳಿದ ಏರಿಳಿತ, 11 ಡಿಗ್ರಿ ಬಾಗಿದ ಒಂಟಿ ಕ್ರಾಸ್ ಹುಟ್ಟಿಸುವಷ್ಟಾಯಿತು. ನಿಮ್ಮ ನಡುಕ ಹೆಚ್ಚಿದ್ದು ಇದರಿಂದಲೇ.

ಮೂತಿಯನ್ನು ಶಾಫ್ಟಿನತ್ತ ತಿರುಗಿಸುವ ಪದ್ಧತಿ ಇರುವುದು ಡಬಲ್ ಕಾರ್ಡನ್ ಶಾಫ್ಟಿಗೆ, ಅಂದರೆ ಟ್ರಾನ್ಸ್‌ಫರ್ ಕೇಸ್ ತುದಿಯಲ್ಲಿ ಜೋಡಿ ಕ್ರಾಸ್ ಇರುವಂಥದ್ದಕ್ಕೆ. ಆ ಜೋಡಿ ತನ್ನ ಏರಿಳಿತವನ್ನು ತಾನೇ ಅಳಿಸಿಕೊಳ್ಳುತ್ತದೆ. ಹಿಂದಿನ ಕ್ರಾಸ್ ಬಹುತೇಕ ನೇರ ಇದ್ದರೆ ಸಾಕು. ವಿಡಿಯೊ ನೋಡಿ ಅದನ್ನೇ ಒಂಟಿ ಕ್ರಾಸ್ ಶಾಫ್ಟಿಗೆ ಮಾಡುವುದು ನಮ್ಮಲ್ಲಿ ಅತಿ ಸಾಮಾನ್ಯವಾದ ತಪ್ಪು.

ಮೊದಲು ಸರಿಯಾಗಿ ಅಳೆಯಿರಿ. ಸಮತಟ್ಟಾದ ನೆಲ, ನಾಲ್ಕೂ ಚಕ್ರ ನೆಲದ ಮೇಲೆ, ದಿನನಿತ್ಯದ ಭಾರ ಗಾಡಿಯಲ್ಲಿರಲಿ. ಚಾಸಿಗೆ ಜ್ಯಾಕ್ ಕೊಟ್ಟು ಹೌಸಿಂಗ್ ಜೋತಾಡುವಾಗ ಅಳೆದ ಕೋನಕ್ಕೆ ಬೆಲೆಯಿಲ್ಲ. ಮ್ಯಾಗ್ನೆಟ್ ಇರುವ ಡಿಜಿಟಲ್ ಆ್ಯಂಗಲ್ ಮೀಟರನ್ನು ಔಟ್‌ಪುಟ್ ಫ್ಲ್ಯಾಂಜಿನ ಮುಖಕ್ಕೆ, ಶಾಫ್ಟಿನ ಕೊಳವೆಗೆ, ಪಿನಿಯನ್ ಫ್ಲ್ಯಾಂಜಿನ ಮುಖಕ್ಕೆ ಹಚ್ಚಿ ಮೂರು ಅಂಕಿ ಬರೆದುಕೊಳ್ಳಿ. ಫ್ಲ್ಯಾಂಜಿನ ಮುಖ ಶಾಫ್ಟಿಗೆ ಅಡ್ಡವಾಗಿರುವುದರಿಂದ ಆ ಎರಡು ಅಂಕಿಯಲ್ಲಿ 90ರ ಲೆಕ್ಕ ಹಿಡಿಯಬೇಕು.

ಒಂಟಿ ಕ್ರಾಸ್ ಶಾಫ್ಟಿನಲ್ಲಿ ಎರಡು ಕೋನಗಳ ವ್ಯತ್ಯಾಸ 1 ಡಿಗ್ರಿ ಮೀರಬಾರದು. ಸಮ ಇದ್ದರೂ ಮಿತಿ ಇದೆ: ಶಾಫ್ಟ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ 5.8 ಡಿಗ್ರಿ, 2,000ಕ್ಕೆ 8.7, 1,500ಕ್ಕೆ 11.5 ಎಂಬುದು ಶಾಫ್ಟ್ ತಯಾರಕರು ಬಳಸುವ ಅಂಕಿ. 29 ಇಂಚಿನ ಟೈರ್, 4ರ ಆಸುಪಾಸಿನ ಕ್ರೌನ್ ರೇಶಿಯೋ (ಚಕ್ರದ ಒಂದು ಸುತ್ತಿಗೆ ಶಾಫ್ಟಿನ ಸುತ್ತು) ಇದ್ದರೆ 60 ಕಿ.ಮೀ. ವೇಗದಲ್ಲೇ ಶಾಫ್ಟ್ 1,700 ಸುತ್ತು ದಾಟಿರುತ್ತದೆ. ಹಾಗಾಗಿ 13 ಡಿಗ್ರಿಯನ್ನು ಸಮ ಮಾಡಿಕೊಂಡು ಓಡಿಸುತ್ತೇನೆಂದರೆ ನಡುಕ ಕಡಿಮೆಯಾದೀತು, ಕ್ರಾಸ್ ಬೇಗ ಸವೆಯುವುದು ತಪ್ಪದು. 5 ಇಂಚಿನ ಲಿಫ್ಟ್‌ಗೆ ನಮ್ಮ ಸಲಹೆ ಡಬಲ್ ಕಾರ್ಡನ್ ಶಾಫ್ಟೇ. ಖರ್ಚು ಬೇಡವೆಂದರೆ ಎತ್ತರವನ್ನು 2 ಇಂಚಿಗೆ ಇಳಿಸುವುದು ಒಳ್ಳೆಯದು. ತೋಟದ ರಸ್ತೆಗೆ ಅಷ್ಟು ಧಾರಾಳ.

ಡಬಲ್ ಕಾರ್ಡನ್ ಹಾಕಿಸಿದರೆ ಮೂತಿ ಶಾಫ್ಟಿನ ಗೆರೆಗಿಂತ 1ರಿಂದ 2 ಡಿಗ್ರಿ ಕೆಳಗೆ ನೋಡುತ್ತಿರಲಿ. ಆ್ಯಕ್ಸಲರೇಟರ್ ತುಳಿದಾಗ ಲೀಫ್ ಸ್ಪ್ರಿಂಗ್ ತಿರುಚಿಕೊಂಡು ಮೂತಿ ತಾನಾಗಿ ಮೇಲೇಳುತ್ತದೆ, ಸ್ಪ್ರಿಂಗ್ ಮೇಲೆ ಕೂತಾಗಲಂತೂ ಇನ್ನೂ ಹೆಚ್ಚು. ಇಷ್ಟು ದೊಡ್ಡ ತಿರುವನ್ನು ವೆಡ್ಜ್‌ನಿಂದ ಸಾಧಿಸಲು ಹೋಗಬೇಡಿ. ಸ್ಪ್ರಿಂಗ್ ಕೂರುವ ಪ್ಯಾಡನ್ನೇ ಕತ್ತರಿಸಿ ಹೊಸ ಕೋನದಲ್ಲಿ ವೆಲ್ಡ್ ಮಾಡಿಸಿ. ಮೊದಲು ನಾಲ್ಕು ಚುಕ್ಕಿ ವೆಲ್ಡ್ ಮಾತ್ರ. ಗಾಡಿಯನ್ನು ನೆಲಕ್ಕಿಳಿಸಿ, ಕುಲುಕಿ, ಮತ್ತೆ ಅಳೆದ ಮೇಲೆ ಪೂರ್ತಿ ವೆಲ್ಡ್. ಒಂದೇ ಕಡೆ ಉದ್ದಕ್ಕೆ ವೆಲ್ಡ್ ಎಳೆದರೆ ಹೌಸಿಂಗ್ ಕೊಳವೆ ಬಾಗುತ್ತದೆ. ಎಡಬಲ ಬದಲಿಸುತ್ತ ತುಂಡುತುಂಡಾಗಿ ಮಾಡಲಿ. ಮೂತಿ ಮೇಲಾದ ಹೌಸಿಂಗ್‌ನಲ್ಲಿ ಮುಂದಿನ ಪಿನಿಯನ್ ಬೇರಿಂಗ್‌ಗೆ ಎಣ್ಣೆ ಸಿಗುವುದು ಕಷ್ಟ, ಹಾಗಾಗಿ ಎಣ್ಣೆಯ ಮಟ್ಟವನ್ನೂ ತುಸು ಏರಿಸಬೇಕು.

ಒಂದೆರಡು ಡಿಗ್ರಿ ಸರಿಪಡಿಸಲು ಮಾತ್ರ ವೆಡ್ಜ್. ಉಕ್ಕಿನದೇ ಇರಲಿ; ಅಲ್ಯೂಮಿನಿಯಂ ವೆಡ್ಜ್ ಕಾಲಕ್ರಮೇಣ ಹಿಸುಕಿ ಒಡೆಯುತ್ತದೆ, ಯು ಬೋಲ್ಟ್ ಸಡಿಲವಾಗುತ್ತದೆ. ಹಿಂದಿನ ಮೂತಿ ಮೇಲೇಳಬೇಕಾದರೆ, ಸ್ಪ್ರಿಂಗ್ ಆ್ಯಕ್ಸಲ್ ಮೇಲಿರುವ ನಿಮ್ಮ ಗಾಡಿಯಲ್ಲಿ ವೆಡ್ಜಿನ ದಪ್ಪ ತುದಿ ಹಿಂದಕ್ಕೆ ಬರಬೇಕು. ಸ್ಪ್ರಿಂಗ್ ಕೆಳಗಿರುವ ಗಾಡಿಗೆ ಇದು ಉಲ್ಟಾ, ದಪ್ಪ ತುದಿ ಮುಂದಕ್ಕೆ. ಸೆಂಟರ್ ಬೋಲ್ಟ್ ಅಷ್ಟೇ ಉದ್ದ ಹೆಚ್ಚಿರಲಿ, ಯು ಬೋಲ್ಟ್ ಹೊಸದೇ ಆಗಲಿ, 500 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿಸಿ.

ಟ್ರಾನ್ಸ್‌ಫರ್ ಕೇಸನ್ನು ವಾಶರ್ ಕೊಟ್ಟು ಇಳಿಸಿದರಾಯಿತು ಎನ್ನುವವರೂ ಇದ್ದಾರೆ. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸ್‌ನಿಂದ ಬೇರೆಯಾಗಿದ್ದು ನಡುವೆ ಒಂದು ಗಿಡ್ಡ ಶಾಫ್ಟ್ ಇದೆ. ಕೇಸ್ ಇಳಿದಷ್ಟೂ ಆ ಗಿಡ್ಡ ಶಾಫ್ಟಿನ ಕೋನ ಸರ್ರನೆ ಏರುತ್ತದೆ, ಅದೂ ಗೇರ್‌ಬಾಕ್ಸ್‌ನಿಂದ ಹೊರಬರುವ ವೇಗದಲ್ಲೇ ತಿರುಗುವ ಶಾಫ್ಟ್. ಹಿಂದಿನ ನಡುಕವನ್ನು ಮುಂದಕ್ಕೆ ತಂದುಕೊಂಡಂತಾಗುತ್ತದೆ.

ಉದ್ದವನ್ನೂ ಮರೆಯಬೇಡಿ. ಚಕ್ರ ಪೂರ್ತಿ ಜೋತುಬಿದ್ದಾಗ ಸ್ಪ್ಲೈನ್ (ಶಾಫ್ಟಿನಲ್ಲಿ ಒಂದರೊಳಗೊಂದು ಜಾರುವ ಹಲ್ಲಿನ ಭಾಗ) ಕನಿಷ್ಠ ತನ್ನ ವ್ಯಾಸದಷ್ಟಾದರೂ ಒಳಗಿರಬೇಕು; ಸ್ಪ್ರಿಂಗ್ ಪೂರ್ತಿ ಒತ್ತಿದಾಗ ತಳ ಮುಟ್ಟಬಾರದು. ಜೋತುಬಿಟ್ಟೇ ಶಾಫ್ಟನ್ನು ಕೈಯಲ್ಲಿ ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಿ. ಎಲ್ಲಾದರೂ ಯೋಕ್‌ಗೆ ಯೋಕ್ ತಗುಲಿದರೆ ಆ್ಯಕ್ಸಲ್ ಅತಿಯಾಗಿ ಜೋಲದಂತೆ ಹಿಡಿಯುವ ಲಿಮಿಟ್ ಸ್ಟ್ರ್ಯಾಪ್ ಬೇಕು, ಇಲ್ಲದಿದ್ದರೆ ಮೊದಲ ದೊಡ್ಡ ಗುಂಡಿಯಲ್ಲೇ ಕ್ರಾಸ್ ಮುರಿಯುತ್ತದೆ. ಶಾಫ್ಟ್ ಉದ್ದ ಮಾಡಿಸಿದರೆ ಬ್ಯಾಲೆನ್ಸ್ ಮಾಡಿಸಿಯೇ ತನ್ನಿ.

ಇನ್ನೊಂದು ಮಾತು: ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ತಯಾರಕರ ವಿವರಣೆ ಮೀರಿದ ಇಂಥ ಬದಲಾವಣೆಗೆ ರಸ್ತೆಯಲ್ಲಿ ಅವಕಾಶವಿಲ್ಲ.

ಪ್ರಶ್ನೆ: ನಡುಕ ಶಾಫ್ಟಿನದೋ ಟೈರಿನದೋ ತಿಳಿಯುವುದು ಹೇಗೆ?

ಉತ್ತರ: ಟೈರಿನದು ನಿಧಾನದ ಕುಲುಕು, ಚಕ್ರದ ಸುತ್ತಿಗೆ ಒಂದು ಸಲ. ಬ್ಯಾಲೆನ್ಸ್ ತಪ್ಪಿದ ಶಾಫ್ಟ್ ತನ್ನ ಸುತ್ತಿಗೆ ಒಂದು ಸಲ ನಡುಗುತ್ತದೆ, ಕೋನ ತಪ್ಪಿದ್ದು ಎರಡು ಸಲ. ಇದು ಗುಂಯ್ ಎಂಬ ಸದ್ದಿನ ಹಾಗೆ ಕೇಳುತ್ತದೆ. ಅದೇ ವೇಗದಲ್ಲಿ ಆ್ಯಕ್ಸಲರೇಟರ್ ತುಳಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಆದರೆ ಕೋನವನ್ನೇ ಅನುಮಾನಿಸಿ, ಏಕೆಂದರೆ ಮೂತಿ ಏಳುತ್ತಾ ಇಳಿಯುತ್ತಾ ಇದೆ. ಶಾಫ್ಟ್ ಬಿಚ್ಚಿ ಜೋಡಿಸಿದ ಮೇಲಷ್ಟೇ ನಡುಕ ಬಂದಿದ್ದರೆ ಸ್ಪ್ಲೈನ್ ಒಂದು ಹಲ್ಲು ತಪ್ಪಿ ಕೂತಿರಬಹುದು. ಬಿಚ್ಚುವ ಮುನ್ನವೇ ಎರಡೂ ತುಂಡುಗಳ ಮೇಲೆ ಬಣ್ಣದ ಗೆರೆ ಎಳೆದಿದ್ದರೆ ಈ ತೊಂದರೆ ಇಲ್ಲ.

ಪ್ರಶ್ನೆ: ಜಿಮ್ನಿಗೆ 2 ಇಂಚು ಉದ್ದದ ಕಾಯಿಲ್ ಸ್ಪ್ರಿಂಗ್ ಹಾಕಿದೆ. ಸ್ಟೀರಿಂಗ್ ತೇಲಾಡುತ್ತದೆ. ಮುಂದಿನ ಮೂತಿಯನ್ನೂ ಸರಿಪಡಿಸಬೇಕೆ?

ಉತ್ತರ: ಮೊದಲು ಕ್ಯಾಸ್ಟರ್, ಅಂದರೆ ಮುಂದಿನ ಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಕೋನ. ಜಿಮ್ನಿಯ ಮುಂದಿನ ಆ್ಯಕ್ಸಲ್ ರೇಡಿಯಸ್ ಆರ್ಮ್‌ಗಳಿಗೆ (ಆ್ಯಕ್ಸಲನ್ನು ಚಾಸಿಗೆ ಜೋಡಿಸುವ ತೋಳುಗಳು) ಬಿಗಿಯಾಗಿದೆ. ಗಾಡಿ ಮೇಲೆದ್ದರೆ ಆರ್ಮ್‌ನ ಹಿಂದಿನ ತುದಿಯೂ ಏಳುತ್ತದೆ, ಆ್ಯಕ್ಸಲ್ ತಿರುಗಿ ಮೂತಿ ಮೇಲಾಗುತ್ತದೆ, ಕ್ಯಾಸ್ಟರ್ ಕಡಿಮೆಯಾಗುತ್ತದೆ. ಕ್ಯಾಸ್ಟರ್ ಕರೆಕ್ಷನ್ ಬುಷ್ ಹಾಕಿದರೆ ಸ್ಟೀರಿಂಗ್ ನೆಟ್ಟಗಾಗುತ್ತದೆ, ಆದರೆ ಮೂತಿ ಕೆಳಗಿಳಿದು ಮುಂದಿನ ಶಾಫ್ಟಿನ ಆ ತುದಿಯ ಕೋನ ಹೆಚ್ಚುತ್ತದೆ. 2 ಇಂಚಿಗೆ ಇದನ್ನು ಒಪ್ಪಿಕೊಳ್ಳಬಹುದು: ಮುಂದಿನ ಶಾಫ್ಟಿಗೆ ಭಾರ ಬೀಳುವುದು 4 ವೀಲ್ ಹಾಕಿದಾಗ, ಅದೂ ಹೆಚ್ಚಾಗಿ ನಿಧಾನದ ದಾರಿಯಲ್ಲಿ. ಸ್ಟೀರಿಂಗ್ ಯಾವಾಗಲೂ ಕೈಯಲ್ಲಿರುತ್ತದೆ. ಇನ್ನೂ ಎತ್ತರ ಬೇಕಾದವರು ಮೂತಿ, ಕ್ಯಾಸ್ಟರ್ ಎರಡನ್ನೂ ಉಳಿಸಿಕೊಳ್ಳಲು ಆ್ಯಕ್ಸಲ್ ತುದಿಯ ನಕಲ್‌ಗಳನ್ನೇ (ಚಕ್ರ ಹೊರಳುವ ಗೆಣ್ಣುಗಳು) ಕತ್ತರಿಸಿ ತಿರುಗಿಸಿ ವೆಲ್ಡ್ ಮಾಡಿಸಬೇಕಾಗುತ್ತದೆ. ಅದು ಜಿಗ್ ಇರುವ ವರ್ಕ್‌ಶಾಪಿನ ಕೆಲಸ.